ಮಾರಾಟವಾಗದ ಭಾಮೈದ

ಲೇಬಲ್ ಅಕ್ಕನನ್ನು ನಾನು ಮೊದಲು ನೋಡಿದ್ದು ಪಾತ್ರೆ ಅಂಗಡಿಯ ಮೆಟ್ಟಿಲ ಕೆಳಗೆ. ಅಲ್ಲಿ ಒಂದು ಮೇಜು, ಮೇಜಿನ ಮೇಲೆ ಕಂಪ್ಯೂಟರು, ಪಕ್ಕದಲ್ಲಿ ಊಟದ ಡಬ್ಬಿಯಷ್ಟು ದೊಡ್ಡ ಪ್ರಿಂಟರು. ಅಕ್ಕನ ಎಡಗೈ ಬೆರಳುಗಳ ತುದಿಗೆಲ್ಲ ಬಿಳಿ ಲೇಬಲ್ ಅಂಟಿದ್ದವು. ಬಲಗೈಯಿಂದ ಒಂದೊಂದನ್ನೇ ಕಿತ್ತು ಸ್ಟೀಲ್ ಡಬ್ಬಿಗಳ ತಳಕ್ಕೆ ಒತ್ತುತ್ತಿದ್ದರು. ನಾನು ಅವತ್ತೇ ಅಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ್ದೆ. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಸರ್ಟಿಫಿಕೇಟುಗಳ ಫೈಲನ್ನು ಎದೆಗೆ ಅವಚಿಕೊಂಡು ನಿಂತಿದ್ದೆ.

"ಫೈಲು ಕೆಳಗಿಡಪ್ಪಾ, ಯಾರೂ ಕದಿಯಲ್ಲ," ಅಂದರು ಅಕ್ಕ. "ನಾನು ರಜ ಹಾಕಿದ ದಿನ ಈ ಕೆಲಸ ನೀನೇ ನೋಡ್ಬೇಕಂತೆ. ಕೂತ್ಕೋ, ತೋರಿಸ್ತೀನಿ."

ಹೊಸ ಸರಕು ಬಂದರೆ ಮೊದಲು ಅದರ ಹೆಸರು, ಬೆಲೆ, ಎಷ್ಟಿದೆ ಎಂಬುದನ್ನೆಲ್ಲ ಕಂಪ್ಯೂಟರಿಗೆ ತುಂಬಬೇಕು. ಆಮೇಲೇ ಬಾರ್‌ಕೋಡ್ ಹುಟ್ಟುವುದು. ಮಾಡಿ ತೋರಿಸಲು ಅಕ್ಕನಿಗೆ ಒಂದು ವಸ್ತು ಬೇಕಿತ್ತು. ಅತ್ತಿತ್ತ ಕಣ್ಣಾಡಿಸಿದರು. ಎದುರಿಗೆ ಫ್ಯಾನಿನ ಕೆಳಗೆ ಯಜಮಾನರ ಭಾಮೈದ ಕಾಲು ಚಾಚಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದ. ಅಕ್ಕ ಟೈಪ್ ಮಾಡಿದರು: ಹೆಸರು, ಭಾಮೈದ. ದಾಸ್ತಾನು, ಒಂದು. ಬೆಲೆಗೆ ಸೊನ್ನೆ ಒತ್ತಿದರು. ಕಂಪ್ಯೂಟರು ಒಪ್ಪಲಿಲ್ಲ.

"ಸೊನ್ನೆ ಆಗಲ್ವಂತೆ. ಹೋಗ್ಲಿ ಪಾಪ, ಒಂದು ರೂಪಾಯಿ ಹಾಕೋಣ."

ಪ್ರಿಂಟರು ಕರ್ರೆಂದು ಲೇಬಲ್ ಉಗುಳಿತು. ಭಾಮೈದ ಸಿಪ್ಪೆ ಚೆಲ್ಲಲು ಎದ್ದು ಹೋದಾಗ ಅಕ್ಕ ಅದನ್ನು ಅವನ ಕುರ್ಚಿಯ ಬೆನ್ನಿಗೆ ಅಂಟಿಸಿ ಬಂದರು, ಮುಖದಲ್ಲಿ ಏನೂ ತೋರಗೊಡದೆ. ಆಮೇಲೆ ಅಳಿಸಲು ಹೋದರೆ, ದಾಸ್ತಾನಿರುವ ಸರಕನ್ನು ಅಳಿಸುವಂತಿಲ್ಲ ಎಂದಿತು ಕಂಪ್ಯೂಟರು.

"ನೋಡು, ಮಾರೋವರೆಗೂ ತೊಲಗಲ್ವಂತೆ. ಇರ್ಲಿ ಬಿಡು, ಯಾರು ನೋಡ್ತಾರೆ?"

ಈ ಲೇಬಲ್ ಮೇಜಿಗೆ ಬರುವ ಮೊದಲು ಅಕ್ಕ ಹಿಂದಿನ ಗೋದಾಮಿನಲ್ಲಿದ್ದರು. ರಟ್ಟಿನ ಪೆಟ್ಟಿಗೆ ಒಡೆದಾಗಲೆಲ್ಲ ಏಳುವ ಧೂಳಿಗೆ ಅವರಿಗೆ ಉಬ್ಬಸ ಹತ್ತಿತ್ತು. ಉಸಿರು ಎಳೆದರೆ ಪೀಪಿ ಊದಿದಂತೆ ಕೇಳುತ್ತಿತ್ತಂತೆ. ಹಾಗಾಗಿ ಯಜಮಾನರು ಅವರನ್ನು ಮೆಟ್ಟಿಲ ಕೆಳಗೆ ಕೂರಿಸಿದ್ದರು. ಈಗ ಭಾಮೈದನ ಕಣ್ಣು ಆ ಜಾಗದ ಮೇಲೆ ಬಿದ್ದಿತ್ತು.

"ಭಾವ, ಸ್ಟಿಕ್ಕರ್ ಅಂಟಿಸೋದು ಏನ್ ಮಹಾ? ನಾನು ನೋಡ್ಕೋತೀನಿ. ಆಯಮ್ಮನ್ನ ಗೋದಾಮಿಗೇ ಕಳಿಸಿ," ಎಂದು ದಿನಾ ಕಿವಿ ಕಚ್ಚುತ್ತಿದ್ದ. ಅವನ ಅಕ್ಕ, ಅಂದರೆ ಯಜಮಾನರ ಹೆಂಡತಿಯೂ ತಮ್ಮನ ಕಡೆಗೇ ಇದ್ದರು. ಕೆಲವು ತಿಂಗಳು ಹೀಗೇ ಎಳೆದಾಡಿ, ಒಂದು ಶನಿವಾರ ಇತ್ಯರ್ಥ ಮಾಡಿಸಲು ಅವರೇ ಅಂಗಡಿಗೆ ಬಂದು ಕೂತರು.

ಅದು ಆರು ತಿಂಗಳಿಗೊಮ್ಮೆ ಮಾರಾಟವಾಗದ ಸರಕಿನ ಪಟ್ಟಿ ತೆಗೆಯುವ ಶನಿವಾರವೂ ಆಗಿತ್ತು. ಅಂಥ ಸರಕನ್ನು ಗಿರಾಕಿಯ ಕಣ್ಣಿಗೆ ಬೀಳುವಂತೆ ಮುಂಬಾಗಿಲಲ್ಲಿ ಇಡುವುದು ನಮ್ಮ ಅಂಗಡಿಯ ಪದ್ಧತಿ. ಯಜಮಾನರು ಕನ್ನಡಕ ಏರಿಸಿ ಎಲ್ಲರೆದುರು ಓದತೊಡಗಿದರು.

"ಮುಚ್ಚಳ ಇಲ್ಲದ ಹೂಜಿ, ನಾಲ್ಕು. ಹಳದಿ ಬಕೆಟ್, ಹನ್ನೊಂದು. ಭಾಮೈದ, ಒಂದು. ಹಿಡಿ ಇಲ್ಲದ..." ಅಲ್ಲಿಗೆ ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಯಾರು ಮಾಡಿದ್ದಿದು?"

ಅಕ್ಕ ಎದ್ದು ನಿಂತರು. ಅವರ ಕಣ್ಣು ಒಮ್ಮೆ ಗೋದಾಮಿನ ಬಾಗಿಲಿಗೆ ಹೋಗಿ ಬಂತು. "ನಾನೇ, ಯಜಮಾನ್ರೇ. ಈ ಹುಡುಗನಿಗೆ ಕಲಿಸೋಕೆ ಮಾಡಿದ್ದು. ಅಳಿಸೋಕೆ ಹೋದೆ, ಅದು ಬಿಡ್ಲಿಲ್ಲ."

ಯಜಮಾನಿತಿ ಹಾಳೆ ಕಿತ್ತುಕೊಂಡರು. ಮುಖ ಕೆಂಪಾಯಿತು. ಇನ್ನು ಅಕ್ಕನ ಕಥೆ ಮುಗಿಯಿತು ಅಂದುಕೊಂಡೆ.

"ನನ್ನ ತಮ್ಮನಿಗೆ ಬೆಲೆ ಒಂದಾ? ಒಂದು ಸೌಟಿಗೇ ನಲವತ್ತಿದೆ!"

"ಜಾಸ್ತಿ ಹಾಕಿದ್ರೆ ಯಾರೂ ಕೊಳ್ಳಲ್ಲ ಅಂತ, ಅಮ್ಮಾವ್ರೇ," ಅಂದರು ಅಕ್ಕ, ಅಷ್ಟೇ ವಿನಯದಿಂದ.

"ಕಮ್ಮಿ ಹಾಕಿದ್ರೂ ಯಾರೂ ಕೊಂಡಿಲ್ವಲ್ಲೇ," ಅಂದರು ಯಜಮಾನರು ಹೆಂಡತಿಗೆ. ಬಂದ ನಗುವನ್ನು ಕೆಮ್ಮಿನಲ್ಲಿ ಮುಚ್ಚಿಕೊಳ್ಳಲು ನೋಡಿದರು, ಆಗಲಿಲ್ಲ. ಯಜಮಾನಿತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅವರ ಭುಜ ಕುಲುಕುತ್ತಿತ್ತು.

"ಅಕ್ಕಾ, ನೀನೂ ನಗ್ತೀಯಾ?" ಭಾಮೈದ ಎದ್ದು ನಿಂತ. ಅವನು ತಿರುಗಿದಾಗ ಕುರ್ಚಿಯಿಂದ ಬಿಟ್ಟುಬಂದ ಲೇಬಲ್ ಅವನ ಅಂಗಿಯ ಬೆನ್ನಿಗೇ ಅಂಟಿತ್ತು.

"ಮತ್ತಿನ್ನೇನೋ! ಬಂದಾಗಿಂದ ಆ ಕುರ್ಚಿ ಬಿಟ್ಟು ಅಲ್ಲಾಡಿದ್ದೀಯಾ?" ಅಂದರು ಅವನ ಅಕ್ಕ, ಕಣ್ಣೊರೆಸಿಕೊಳ್ಳುತ್ತಾ.

ಯಜಮಾನರು ಹಾಳೆ ಮಡಚಿದರು. "ಮಾರಾಟವಾಗದ್ದನ್ನ ಎಲ್ಲಿಡ್ತೀವಿ?"

"ಮುಂಬಾಗಿಲಲ್ಲಿ," ಎಂದು ನಾನು ರೂಢಿಯ ಮೇಲೆ ಬಾಯಿ ಬಿಟ್ಟೆ.

ಸೋಮವಾರದಿಂದ ಭಾಮೈದ ಬಾಗಿಲಲ್ಲಿ ನಿಂತ. ಕೂತಲ್ಲೇ ಎಲ್ಲರ ತಲೆ ತಿನ್ನುತ್ತಿದ್ದ ಬಾಯಿ ಅಲ್ಲಿ ಕೆಲಸಕ್ಕೆ ಬಂತು. ದಾರಿಯಲ್ಲಿ ಹೋಗುವವರನ್ನು ಮಾತಾಡಿಸಿ ಒಳಗೆ ಕರೆದು, ಯಾರಿಗೂ ಬೇಡದ ಹಳದಿ ಬಕೆಟ್ಟುಗಳನ್ನೂ ಮಾರಿಬಿಟ್ಟ. ಗೋದಾಮಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಒಂದು ದಿನ ಅವನೇ ಮೆಟ್ಟಿಲ ಕೆಳಗೆ ಬಂದು ನಿಂತ.

"ಲೇಬಲ್ ಅಕ್ಕಾ, ನನ್ನ ಬೆಲೆ ಒಂಚೂರು ಏರಿಸ್ರಲ್ಲಾ."

"ಸೌಟಿನಷ್ಟು ಮಾಡ್ತೀನಿ, ಸಾಕಾ?"

ಅಕ್ಕ ಈಗಲೂ ಅದೇ ಅಂಗಡಿಯ ಮೆಟ್ಟಿಲ ಕೆಳಗೆ ಕೂತು ಹೊಸ ಸರಕಿನ ವಿವರ ತುಂಬುತ್ತಾರೆ, ಬಾರ್‌ಕೋಡ್ ಲೇಬಲ್ ಪ್ರಿಂಟ್ ಮಾಡಿ ಅಂಟಿಸುತ್ತಾರೆ.