ಒಡೆದದ್ದು ಪೆಟ್ಟಿಗೆಯೋ, ಕಿವಿಯೋ

ನನ್ನ ಮಗಳಿಗೆ ಕಣ್ಣು ಹೋಗಿದ್ದು ಒಂದೇ ದಿನಕ್ಕಲ್ಲ. ಮೊದಲು ಮಬ್ಬುಗತ್ತಲಲ್ಲಿ ಕಾಣದಾಯ್ತು, ಆಮೇಲೆ ಅಕ್ಕಪಕ್ಕದ್ದು ಕಾಣದಾಯ್ತು, ಹೈಸ್ಕೂಲು ಮುಗಿಸೋ ಹೊತ್ತಿಗೆ ಎದುರಿಗಿದ್ದದ್ದೂ ಹೋಯ್ತು. ಮಂಗಳೂರಿನ ಕಣ್ಣಿನ ಡಾಕ್ಟ್ರು ಅವಳನ್ನ ಹೊರಗೆ ಕೂರಿಸಿ ನನ್ನ ಹತ್ತಿರ ಒಂದು ಮಾತು ಹೇಳಿದರು. "ಈ ಜಾತಿ ಕಾಯಿಲೇಲಿ ಕೆಲವರಿಗೆ ಮುಂದೆ ಕಿವೀನೂ ಹೋಗುತ್ತೆ. ಗಮನ ಇಟ್ಟಿರಿ." ಆ ಮಾತನ್ನ ನಾನು ಯಾರಿಗೂ ಹೇಳಲಿಲ್ಲ. ಮಗಳಿಗಂತೂ ಇಲ್ಲವೇ ಇಲ್ಲ. ಹೊಟ್ಟೆಯೊಳಗೆ ಇಟ್ಟುಕೊಂಡೆ. ಅದು ಅಲ್ಲೇ ಬೆಳೀತು.

ಗೋಣಿಬೀಡಿನಲ್ಲಿ ರಸ್ತೆ ಬದಿಗೆ ನಮ್ಮದೊಂದು ಸಣ್ಣ ಕ್ಯಾಂಟೀನು. ಬೆಳಿಗ್ಗೆ ಕಡುಬು, ಚಟ್ನಿ, ಕಾಫಿ. ಹಿಂದಿನ ಕೋಣೆಯಲ್ಲಿ ನಾವಿಬ್ಬರು. ಗಂಡ ಮೊದಲೇ ಹೋಗಿದ್ದ, ಅದರ ಕತೆ ಇಲ್ಲಿ ಬೇಡ. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು, ಕಣ್ಣಿಲ್ಲದವರಿಗೆ ಕೆಲಸ ಕಲಿಸೋ ಶಾಲೆಯವರು ಅವಳಿಗೆ ಒಂದು ಹಳೇ ಕಂಪ್ಯೂಟರ್ ಕೊಟ್ಟರು. ಮೂಡಿಗೆರೆಯಲ್ಲಿ ರೇಡಿಯೋ ರಿಪೇರಿ ಮಾಡ್ತಿದ್ದ ಸಾಬ್ರು ಅದಕ್ಕೆ ಕಂಪ್ಯೂಟರ್ ನಡೆಸೋ ಲಿನಕ್ಸ್ ಅನ್ನೋದನ್ನ ಹಾಕಿಕೊಟ್ಟರು.

"ಇದಕ್ಕೆ ಕಾಸಿಲ್ಲ ಅಮ್ಮ. ಯಾರು ಬೇಕಾದ್ರೂ ಹಾಕ್ಕೋಬಹುದು" ಅಂದರು.

"ಕಾಸಿಲ್ಲದ್ದು ಕೆಲಸ ಮಾಡುತ್ತಾ?" ಅಂದೆ.

"ಗಾಳಿಗೆ ಕಾಸು ಕೊಡ್ತೀರಾ?" ಅಂದರು.

ಕೆಲಸ ಮಾಡ್ತು. ಪರದೆ ಮೇಲೆ ಬರೆದದ್ದನ್ನೆಲ್ಲ ಆ ಪೆಟ್ಟಿಗೆ ಓದಿ ಹೇಳ್ತಿತ್ತು. ಓದೋದು ಇಂಗ್ಲಿಷು, ಅದೂ ಬಿಸಿ ಕಡುಬು ಬಾಯಲ್ಲಿಟ್ಟುಕೊಂಡವರ ಹಾಗೆ ಗಡಗಡ. ಅದನ್ನ ಕೇಳಿಕೊಂಡು ಇವಳು ಓದ್ತಿದ್ದಳು, ಬರೀತಿದ್ದಳು, ಜಗಳಾನೂ ಆಡ್ತಿದ್ದಳು. ಮನೇಲಿ ಇನ್ನೊಬ್ಬರು ಇದ್ದಂಗಾಗಿತ್ತು.

ಒಂದು ಬೆಳಿಗ್ಗೆ, ಕಾಫಿ ಕೊಯ್ಲಿನ ಕಾಲ, ಜೀಪು ತುಂಬ ಆಳುಗಳು ಬಂದು ಕಡುಬಿಗೆ ಕೂತಿದ್ದರು. ಒಳಗಿಂದ ಮಗಳು ಕೂಗಿದಳು. "ಅಮ್ಮಾ, ಇದು ಒಡೀತಿದೆ."

"ಏನು ಒಡೀತು?"

"ಸ್ವರ. ತಗಡು ಗೀರಿದ ಹಾಗೆ ಕೇಳುತ್ತೆ. ಒಂದು ಮಾತೂ ಗೊತ್ತಾಗ್ತಿಲ್ಲ."

ಡಾಕ್ಟ್ರ ಮಾತು ಬಂದು ಎದೆ ಮೇಲೆ ಕೂತಿತು. ಒಳಗೆ ಹೋಗಿ ಕಿವಿಕೊಟ್ಟೆ. ನನಗೆ ಅದು ಎಂದಿನ ಹಾಗೇ ಕಪ್ಪೆ ವಟಗುಟ್ಟಿದಂತೆ ಕೇಳ್ತು. ಮೊದಲೂ ತಿಳಿಯದ ಭಾಷೆ, ಈಗಲೂ ತಿಳಿಯದ್ದು. ಒಡೆದಿದೆಯೋ ಇಲ್ಲವೋ ನಾನು ಹೇಗೆ ಹೇಳಲಿ? ಕಡುಬು ತಿಂತಿದ್ದ ಮೇಸ್ತ್ರಿಯನ್ನ ಕರೆದು ಕೇಳಿಸಿದೆ. ಅವನು ಕೈ ನೆಕ್ಕಿಕೊಂಡು ಕೇಳಿ, "ಅದು ಮೊದಲಿಂದ್ಲೂ ಹಿಂಗೇ ಅಲ್ವಾ ಮಾರಾಯ್ತಿ?" ಅಂದ.

ರೇಡಿಯೋ ಹಾಕಿದೆ. "ಅದೂ ಒಂಥರಾ ಇದೆ" ಅಂದಳು. ನಮ್ಮ ಗುಡ್ಡದ ಸಂದೀಲಿ ರೇಡಿಯೋ ಯಾವತ್ತು ನೆಟ್ಟಗಿತ್ತು? ಅದರಿಂದಲೂ ಏನೂ ಗೊತ್ತಾಗಲಿಲ್ಲ. ಪೆಟ್ಟಿಗೆ ಕೆಟ್ಟಿದ್ದರೆ ಸಾಬ್ರು ಇದ್ದಾರೆ. ಕಿವಿ ಕೆಟ್ಟಿದ್ದರೆ ಯಾರಿದ್ದಾರೆ?

ಮನೆಯೊಳಗೆ ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಮನೆ ಹಿಂದಿನ ದರೆ, ಆ ಮಣ್ಣಿನ ದಿಬ್ಬ, ಹತ್ತಿ ಹಲಸಿನ ಬುಡದಲ್ಲಿ ನಿಂತರೆ ಸಿಗ್ತಿತ್ತು. ಹತ್ತಿದೆ. ಸಾಬ್ರು ಫೋನೆತ್ತಿದರು, ಯಾವುದೋ ಕೆಲಸದ ಮಧ್ಯೆ ಇದ್ದರು.

"ಮಿಕ್ಸರ್ ನೋಡಿ ಅಮ್ಮ. ಮಿಕ್ಸರ್ ಫುಲ್ ಇದ್ರೆ ಸ್ವರ ಒಡೆಯುತ್ತೆ. ಇಳಿಸಿ, ಸರಿಯಾಗುತ್ತೆ."

ನನಗೆ ಜೀವ ಬಂತು. ಹೌದಲ್ಲ, ನಮ್ಮ ಮಿಕ್ಸಿ ತಿರುಗಿದಾಗೆಲ್ಲ ಲೈಟು ಮಿಣಮಿಣ ಅಂತಿತ್ತು, ಕಂಪ್ಯೂಟರಿಗೂ ಅದೇ ಗೋಡೆಯಿಂದ ಕರೆಂಟು. ಓಡಿ ಬಂದೆ. ಜಾರಿನಲ್ಲಿ ಚಟ್ನಿ ತುಂಬಿತ್ತು. ಅದನ್ನ ಕಿತ್ತು ನೆಲಕ್ಕಿಳಿಸಿದೆ. "ಈಗ ನೋಡು" ಅಂದೆ.

"ಹಂಗೇ ಇದೆ."

ಚಟ್ನೀನ ಪಾತ್ರೆಗೆ ಸುರಿದು ಜಾರು ಖಾಲಿ ಮಾಡಿದೆ. ಹಂಗೇ ಇತ್ತು. ಮಿಕ್ಸಿಯ ವೈರು ಕಿತ್ತೆ. ಹಂಗೇ ಇತ್ತು. ಮತ್ತೆ ದರೆ ಹತ್ತಿದೆ.

"ಇಳಿಸಿದೆ ಸಾಬ್ರೆ. ಖಾಲೀನೂ ಮಾಡಿದೆ. ಸರಿಯಾಗಲಿಲ್ಲ."

"ಖಾಲಿನಾ? ಏನನ್ನ ಖಾಲಿ ಮಾಡಿದ್ರಿ?"

"ಚಟ್ನೀನ."

ಮನುಷ್ಯ ಕೆಮ್ಮು ಬರೋವರೆಗೆ ನಕ್ಕರು. ನಾನು ಚೆನ್ನಾಗಿ ಬೈದೆ. ಅವರಿಗೇನು ಗೊತ್ತು ನನ್ನ ಭಯ. ನಗು ನಿಂತ ಮೇಲೆ ಸಾವಧಾನವಾಗಿ ಹೇಳಿದರು. ಕಂಪ್ಯೂಟರಿನ ಒಳಗೇ ಮಿಕ್ಸರ್ ಅಂತ ಒಂದಿದೆ, ಸ್ವರ ಏರಿಸೋ ಇಳಿಸೋ ಜಾಗ. ಮಗಳಿಗೆ 'ಆಲ್ಸಾ ಮಿಕ್ಸರ್' ಅಂತ ಟೈಪ್ ಮಾಡೋಕೆ ಹೇಳಿ. ಪರದೆ ಮೇಲೆ ಕಂಬ ಬರುತ್ತೆ. ತಲೆ ಕೆಂಪಾದ ಕಂಬ ಇದ್ರೆ ಇಳಿಸಿ.

ಆ ಹೆಸರು ಮರೆತು ಹೋಗಬಾರದು ಅಂತ ದಾರಿಯುದ್ದಕ್ಕೂ ಬಾಯಲ್ಲಿ ಹೇಳಿಕೊಂಡೇ ಇಳಿದೆ. ಮಗಳು ಬೆರಳಾಡಿಸಿದಳು. ಪರದೆ ಕಪ್ಪಾಗಿ ಕಂಬದ ಸಾಲು ಬಂತು. ಅವಳಿಗೆ ಕಾಣದು, ಪೆಟ್ಟಿಗೆ ಹೇಳಿದ್ದು ತಿಳಿಯದು. ನಾನೇ ಹೇಳಬೇಕು. ನನಗೆ ಕನ್ನಡವೇ ಕೂಡಿಸಿ ಕೂಡಿಸಿ ಓದೋದು.

"ಯಾವುದರ ತಲೆ ಕೆಂಪು ಅಮ್ಮ?"

"ಎಲ್ಲದ್ದೂ."

"ಎಲ್ಲದ್ದೂ ಅಂದ್ರೆ? ನೆಟ್ಟಗೆ ಹೇಳು. ಈಗ ಯಾವ ಹೆಸರು ಹೊಳೀತಿದೆ? ಮೊದಲಕ್ಷರ ಹೆಂಗಿದೆ?"

"ಕೋಲಿನ ತುದಿಗೆ ಹೊಟ್ಟೆ ಬಂದಂಗಿದೆ. ಒಂದೇ ಕಡೆ."

"ಪಿ. ಸರಿ, ಓದೋ ಸ್ವರದ್ದು ಇದೇ ಇರಬೇಕು." ಬಾಣದ ಗುರುತಿನ ಗುಂಡಿ ಒತ್ತುತ್ತಾ ಹೋದಳು. ಕೆಂಪು ಕರಗಿ ಕಂಬ ಕೆಳಗಿಳೀತು. ಗಿಡದ ಕಾಫಿ ಕಾಯಾದರೆ ಯಾವಾಗ ಕೆಂಪಾಗುತ್ತೋ ಅಂತ ಕಾದು ಕೂರ್ತೀವಿ. ಇಲ್ಲಿ ಕೆಂಪು ಹೋಗಲಿ ಹೋಗಲಿ ಅಂತ ಕಂಡ ದೇವರನ್ನೆಲ್ಲ ಬೇಡಿಕೊಂಡೆ.

"ಸಾಕು ಸಾಕು!" ಅಂದಳು. "ಬಿಡಿಸಿ ಕೇಳ್ತಿದೆ. ಎಲ್ಲಾ ಗೊತ್ತಾಗ್ತಿದೆ."

ನಾನು ಅಲ್ಲೇ ನೆಲದ ಮೇಲೆ ಕೂತೆ. ಪೆಟ್ಟಿಗೆ ಕೆಟ್ಟಿದ್ದು, ಕಿವಿಯಲ್ಲ. ಹೊರಗೆ ಯಾರೋ ಕಾಫಿ ಕಾಫಿ ಅಂತ ಕೂಗ್ತಿದ್ದರು, ಕೂಗಲಿ ಅಂತ ಬಿಟ್ಟೆ.

ವಿಷಯ ಮುಟ್ಟಿಸೋಣ ಅಂತ ಸಂಜೆ ಸಾಬ್ರಿಗೆ ಮತ್ತೆ ಫೋನು ಮಾಡಿದೆ. ಸುಮ್ಮನಿದ್ದಿದ್ದರೆ ಆಗ್ತಿತ್ತು. "ಅದು ತಾನಾಗಿ ಅಷ್ಟು ಏರಲ್ಲ ಅಮ್ಮ. ನಾನು ಅರ್ಧಕ್ಕೆ ಇಟ್ಟು ಕೊಟ್ಟಿದ್ದೆ. ಯಾರೋ ಏರಿಸ್ತಾ ಬಂದಿದ್ದಾರೆ" ಅಂದರು.

ಯಾರೋ ಅಂದರೆ ಯಾರು? ಮನೇಲಿ ಇರೋದೇ ಇಬ್ಬರು. ನಾನು ಆ ಗುಂಡಿಗಳನ್ನ ಧೂಳು ಒರೆಸೋ ಬಟ್ಟೆಯಲ್ಲೂ ಮುಟ್ಟಿದವಳಲ್ಲ. ಅವಳನ್ನ ಕೇಳೋಕೆ ಬಾಯಿ ಬರಲಿಲ್ಲ. ಕೆಲವು ದಿನ ಕಳ್ಳಿಯ ಹಾಗೆ ನೋಡ್ತಾ ಇದ್ದೆ. ಎಡಗಡೆ ಇದ್ದ ಸ್ಪೀಕರು ಮೇಜಿನ ಬಲಗಡೆಗೆ ಬಂದಿತ್ತು. ಯಾವಾಗ ಬಂತೋ. ದರೆ ಮೇಲೆ ಕರಕೊಂಡು ಹೋಗಿ ಫೋನು ಕೊಟ್ಟರೆ ಬಲಗಿವಿಗೇ ಹಿಡೀತಿದ್ದಳು. ಇಳಿಸಿದ ಸ್ವರ ಮತ್ತೆ ದಿನದಿನಕ್ಕೆ ದೊಡ್ಡದಾಗ್ತಾ ಬಂತು.

ಕೊನೆಗೆ ತಡೆಯಲಿಲ್ಲ. ಊಟಕ್ಕೆ ಕೂತಾಗ ಕೇಳಿದೆ. "ಏರಿಸ್ತಿರೋದು ನೀನೇನಾ?"

"ನಾನೇ, ಸ್ವರದ ಗುಂಡಿ ಒತ್ತಿ. ಅದರಿಂದ ಒಡೆಯುತ್ತೆ ಅಂತ ಆಗ ಗೊತ್ತಿರಲಿಲ್ಲ. ರಸ್ತೆ ಗಲಾಟೇಲಿ ಕೇಳಲ್ಲ."

"ರಸ್ತೆ ಇವತ್ತು ಹುಟ್ಟಿದ್ದಾ?"

ತಟ್ಟೆಯಲ್ಲಿ ಬೆರಳಾಡಿಸ್ತಾ ಕೂತಳು. ಆಮೇಲೆ ಅಂದಳು, "ಎಡಗಿವಿ ಮಂದವಾಗಿದೆ. ಹೇಳಿದ್ರೆ ನೀನು ಹೆದರ್ತೀಯ ಅಂತ ಹೇಳಲಿಲ್ಲ."

"ಹೇಳದೇ ಇದ್ದಿದ್ದಕ್ಕೆ ಹೆದರಿ ಸತ್ತಿದ್ದೀನಿ" ಅಂದೆ. ಡಾಕ್ಟ್ರ ಮಾತನ್ನೂ ಹೇಳಿಬಿಟ್ಟೆ. ಅವಳು ಅಳ್ತಾಳೆ ಅಂದುಕೊಂಡೆ. ಅಳಲಿಲ್ಲ. "ಇಷ್ಟು ವರ್ಷ ಇದನ್ನ ಇಟ್ಕೊಂಡು ಕೂತಿದ್ದಾ? ನಿನ್ನ ಬುದ್ಧಿಗಿಷ್ಟು" ಅಂತ ಬೈದಳು.

ಮಾರನೇ ದಿನ ಕ್ಯಾಂಟೀನಿಗೆ ಬಾಗಿಲು ಹಾಕಿ ಚಿಕ್ಕಮಗಳೂರಿನ ಬಸ್ಸು ಹತ್ತಿದೆವು. ಕಿವಿ ಆಸ್ಪತ್ರೆಯಲ್ಲಿ ಅವಳನ್ನ ಗಾಜಿನ ಗೂಡಿನಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಿದರು. ಸದ್ದು ಕೇಳಿದಾಗ ಬೆರಳೆತ್ತಬೇಕು. ನಾನು ಹೊರಗೆ. ನನಗೆ ಯಾವ ಸದ್ದೂ ಇಲ್ಲ, ಬೆರಳು ಮಾತ್ರ ಕಾಣ್ತಿತ್ತು. ಎದ್ದಾಗ ಉಸಿರು ಬಿಡ್ತಿದ್ದೆ. ಏಳದೇ ಇದ್ದಾಗ ಸದ್ದೇ ಇರಲಿಲ್ಲವೋ, ಇದ್ದೂ ಇವಳಿಗೆ ಕೇಳಲಿಲ್ಲವೋ, ತಿಳಿಯೋದು ಹೇಗೆ? ಹೆರಿಗೆ ನೋವಲ್ಲೂ ನಾನು ಹಾಗೆ ಬೆವೆತಿರಲಿಲ್ಲ.

ಬಲಗಿವಿ ಸರಿ ಇದೆ, ಎಡದ್ದು ಅರ್ಧ ಇಳಿದಿದೆ, ಇನ್ನೂ ಇಳಿಯುತ್ತೋ ಇಲ್ಲವೋ ಈಗ ಹೇಳೋಕಾಗಲ್ಲ ಅಂದರು ಡಾಕ್ಟ್ರು. ವರ್ಷ ವರ್ಷ ಬಂದು ತೋರಿಸಿ ಅಂದರು. ತೋರಿಸ್ತಿದ್ದೀವಿ. ಎಡದ್ದಕ್ಕೆ ಈಗ ಕೇಳೋ ಮೆಷಿನ್ ಇದೆ, ಬಲದ್ದು ಹಾಗೇ ಇದೆ.

ಆದರೂ ನಾನು ಕರೆದಾಗ ಅವಳು ಓ ಅನ್ನದಿದ್ದರೆ, ಎರಡನೇ ಸಲ ಕರೆಯೋಕೆ ನನಗೆ ಧೈರ್ಯ ಬರಲ್ಲ. ಎದ್ದು ಹೋಗಿ ಭುಜ ಮುಟ್ತೀನಿ. "ಕೇಳಿಸ್ತು ಅಮ್ಮ. ಉತ್ತರ ಕೊಡೋಕೆ ಮನಸ್ಸಿರಲಿಲ್ಲ" ಅಂತಾಳೆ. ಚೆನ್ನಾಗಿ ಬೈದು ಬರ್ತೀನಿ.