ಪ್ಲಗ್ಗಿಗೆ ಕಟ್ಟಿದ ಅರಿಶಿನದ ದಾರ

ಮೆಟ್ರೋ ಕೆಂಗೇರಿವರೆಗೆ ಓಡಲು ಶುರುವಾದ ಮೇಲಿನ ಮಾತಿದು. ಆಡಿಯೋ ಕಂಪನಿಯೊಂದರಲ್ಲಿ ಸರ್ವಿಸ್ ಎಂಜಿನಿಯರ್ ಆಗಿದ್ದು ನಿವೃತ್ತನಾದ ನಾನು, ವಿಜಯನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಆಂಪ್ಲಿಫೈಯರ್ ರಿಪೇರಿ ಇಟ್ಟುಕೊಂಡಿದ್ದೆ. ಈಗಲೂ ಇದೆ. ಸುಮ್ಮನೆ ಕೂತರೆ ಅಡುಗೆಯಲ್ಲಿ ಕೊಂಕು ತೆಗೀತೀನಿ ಅನ್ನುವುದು ನನ್ನ ಹೆಂಡತಿಯ ದೂರು. ನಿಜವೇ.

ಕೆಂಗೇರಿಯ ಚೇತನ್ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತಾನೆ. ಅವನ ಆಂಪ್ಲಿಫೈಯರ್ ಅವನ ತಂದೆಯದು. ಅವರೂ ಬೇಸ್ ನುಡಿಸುತ್ತಿದ್ದವರು, ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಆ ಮಾಡೆಲ್ ಈಗ ಬರುವುದಿಲ್ಲ. ಅದರ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಬೇರೆಯದು ಸಿಗುವುದಿಲ್ಲ, ಹೊಸದಾಗಿ ಸುತ್ತಿಸಿದರೆ ಹಳೆಯ ದನಿ ಬರುವುದಿಲ್ಲ.

ಗಣೇಶನ ಹಬ್ಬಕ್ಕೆ ಅಮೆರಿಕದ ಕನ್ನಡದವರು ಅವನ ತಂಡವನ್ನು ಕರೆಸಿದ್ದರು. "ಸಾರ್, ಅಪ್ಪನ ಆಂಪೇ ತಗೊಂಡು ಹೋಗ್ತೀನಿ. ಅಲ್ಲಿ ಕರೆಂಟ್ ಬೇರೆ ಅಂತಾರಲ್ಲ?" ಎಂದು ಕೇಳಿಕೊಂಡು ಬಂದ.

ಬೇರೆಯೇ. ನಮ್ಮ ಗೋಡೆಯ ಸಾಕೆಟ್ಟಿನಲ್ಲಿ 230 ವೋಲ್ಟ್, ಅಲ್ಲಿ 120. ಅವನ ಆಂಪಿನ ಹಿಂಬದಿಯಲ್ಲಿ 230, 115 ಎಂದು ಗುರುತಿರುವ ಸಣ್ಣದೊಂದು ಸೆಲೆಕ್ಟರ್ ಸ್ವಿಚ್ ಇತ್ತು. ಅದನ್ನು 115ಕ್ಕೆ ಸರಿಸಿದೆ. ವೋಲ್ಟೇಜ್ ಅರ್ಧವಾದರೆ ಅದೇ ಕೆಲಸಕ್ಕೆ ಕರೆಂಟು ಎರಡರಷ್ಟು ಬೇಕು. ಹಾಗಾಗಿ ಎರಡು ಆಂಪಿಯರ್ ಫ್ಯೂಸ್ ತೆಗೆದು ನಾಲ್ಕರದು ಹಾಕಿದೆ. 'ಅಮೆರಿಕಕ್ಕೆ ಇಟ್ಟಿದೆ. ನನಗೆ ತೋರಿಸದೆ ಇಲ್ಲಿ ಹಾಕಬಾರದು' ಎಂದು ಸ್ವಿಚ್ಚಿನ ಪಕ್ಕ ಚೀಟಿಯನ್ನೂ ಅಂಟಿಸಿದೆ. ಅಲ್ಲಿನ ಪ್ಲಗ್ಗಿರುವ ಬೇರೆ ವೈರು ಕೊಟ್ಟೆ, ಇಲ್ಲಿನದನ್ನು ಅವನು ಮನೆಯಲ್ಲೇ ಬಿಟ್ಟ. ಅಲ್ಲಿ ಹೋಗಿ ಚೆನ್ನಾಗಿಯೇ ನುಡಿಸಿ ಬಂದ.

ಬಂದವನು ನನ್ನ ಹತ್ತಿರ ಬರಲಿಲ್ಲ. ಇವತ್ತು ನಾಳೆ ಅನ್ನುವಷ್ಟರಲ್ಲಿ ಆಯುಧಪೂಜೆ ಬಂತು. ಅವನ ತಾಯಿ ಲಲಿತಮ್ಮನವರು ಗಂಡನಿದ್ದ ಕಾಲದಿಂದಲೂ ಆ ಆಂಪಿಗೆ ಪೂಜೆ ಮಾಡಿಕೊಂಡು ಬಂದವರು. ಮುಂಬದಿಯ ಬಟ್ಟೆ ಕೊಳೆಯಾಗಬಾರದೆಂದು ವಿಭೂತಿ, ಕುಂಕುಮ ಹಚ್ಚುವುದೆಲ್ಲ ಹಿಂಬದಿಗೆ. ಅದಕ್ಕೆ ಮುಂಚೆ ಒದ್ದೆ ಬಟ್ಟೆಯಲ್ಲಿ ಉಜ್ಜಿ ಒರೆಸಿದ್ದಾರೆ. ನನ್ನ ಚೀಟಿ ಆಗಲೇ ಕಿತ್ತು ಹೋಯಿತು. ಸ್ವಿಚ್ಚಿನ ಮೇಲೆ ಕುಂಕುಮ ಕೂತಿತು.

ಪೂಜೆಯ ದಿನ ಅದನ್ನು ಮುಟ್ಟುವಂತಿಲ್ಲ. ಮಾರನೆಯ ದಿನ ವಿಜಯದಶಮಿಗೆ ಒಂದು ಹಾಡು ನುಡಿಸಬೇಕು, ಅದು ಅವರ ಮನೆಯ ರೂಢಿ. ಚೀಟಿ ಕಾಣದೆ, ಸೆಲೆಕ್ಟರ್ ಇನ್ನೂ 115ರಲ್ಲಿರುವುದನ್ನು ಮರೆತ ಚೇತನ್ ಮನೆಯಲ್ಲೇ ಇದ್ದ ಹಳೇ ವೈರು ಚುಚ್ಚಿ ಗೋಡೆಯ ಸ್ವಿಚ್ ಹಾಕಿದ. ಗುಂಯ್ ಅಂತು, ಚಟ್ ಅಂತು, ಹೊಗೆ ಬಂತು.

ಮರುದಿನ ತಾಯಿ ಮಗ ಆಟೋದಲ್ಲಿ ಆಂಪನ್ನು ತಂದಿಳಿಸಿದರು. ಮಾತಾಡಿದ್ದು ಲಲಿತಮ್ಮನವರೇ.

"ಆ ಚೀಟಿ ಕಿತ್ತೋಳು ನಾನೇ ಸಾರ್. ಅಮೆರಿಕ ಅಂತ ಇದ್ದಿದ್ದು ನೋಡಿ ಯಾವ್ದೋ ಏರ್‌ಪೋರ್ಟಿಂದು ಅಂದ್ಕೊಂಡೆ. ಅವ್ರ ದನಿ ಅಂತ ಮನೇಲಿ ಉಳ್ಕೊಂಡಿದ್ದು ಇದೊಂದೇ. ಪೂಜೆ ಮಾಡಿ ನಾನೇ ಸುಟ್ಟುಬಿಟ್ಟೆ."

ನಾನು ಸ್ಕ್ರೂಡ್ರೈವರ್ ಎತ್ತಿಕೊಂಡೆ. ಬಿಚ್ಚಿ ನೋಡಿದರೆ ಫ್ಯೂಸಿನ ಗಾಜು ಕಪ್ಪಾಗಿತ್ತು. ಹೆಚ್ಚು ವೋಲ್ಟೇಜ್ ಬಂದಾಗ ತಾನು ಸತ್ತು ಉಳಿದವನ್ನು ಕಾಯುವ ವ್ಯಾರಿಸ್ಟರ್ ಎಂಬ ಬಿಲ್ಲೆ ಸೀಳಿತ್ತು. ಅವೆರಡೂ ಎಲ್ಲಿ ಬೇಕಾದರೂ ಸಿಗುವಂಥವು. ಇನ್ನು ನೋಡಬೇಕಾದದ್ದು ಟ್ರಾನ್ಸ್‌ಫಾರ್ಮರ್.

ಅದನ್ನು ನೇರ ಕರೆಂಟಿಗೆ ಕೊಡಲು ಧೈರ್ಯ ಬರಲಿಲ್ಲ. ಸೀಳಿದ ಬಿಲ್ಲೆ ತೆಗೆದು, ಎರಡು ಆಂಪಿಯರ್ ಫ್ಯೂಸ್ ಹಾಕಿ, ಸ್ವಿಚ್ಚನ್ನು 230ಕ್ಕೆ ಸರಿಸಿ, ನಡುವೆ ಒಂದು ಹಳೇ ಬಲ್ಬು ಸೇರಿಸಿದೆ. ಇದಕ್ಕೆ ಸೀರೀಸ್ ಲ್ಯಾಂಪ್ ಅನ್ನುತ್ತೇವೆ. ಟ್ರಾನ್ಸ್‌ಫಾರ್ಮರ್ ಒಳಗೆ ಸುಟ್ಟಿದ್ದರೆ ಬಲ್ಬು ಝಗ್ಗನೆ ಉರಿಯುತ್ತದೆ, ಚೆನ್ನಾಗಿದ್ದರೆ ಮಿಂಚಿ ಮಂಕಾಗುತ್ತದೆ. ಇಷ್ಟನ್ನೂ ಹೇಳಿಯೇ ಸ್ವಿಚ್ ಒತ್ತಿದೆ. ಮೂವರೂ ಬಲ್ಬನ್ನೇ ನೋಡುತ್ತಿದ್ದೆವು. ಒಮ್ಮೆ ಮಿಂಚಿತು. ಮಂಕಾಯಿತು.

ಟ್ರಾನ್ಸ್‌ಫಾರ್ಮರ್ ಹೇಗೆ ಉಳಿಯಿತು ಅನ್ನುವುದೇ ನನಗೆ ಅರ್ಥವಾಗಲಿಲ್ಲ. ನಮ್ಮ ಜನ ಫ್ಯೂಸ್ ಹೋದರೆ ಅಷ್ಟಕ್ಕೇ ಬಿಡುವವರಲ್ಲ. "ಮತ್ತೆ ಹಾಕಿ ನೋಡ್ಲಿಲ್ವೇನೋ?" ಎಂದು ಚೇತನ್‌ನನ್ನು ಕೇಳಿದೆ.

ಲಲಿತಮ್ಮನವರು, "ಚಾಕ್ಲೇಟ್ ಪೇಪರ್ ಫ್ಯೂಸಿಗೆ ಸುತ್ತಕ್ಕೆ ಹೊರಟಿದ್ದ ಸಾರ್. ಹಬ್ಬದ ದಿನ ಹೊಗೆ ಬಂದಿದೆ, ಇನ್ನು ಮುಟ್ಟಬೇಡ ಅಂತ ವೈರ್ ಕಿತ್ಕೊಂಡು ಮಡ್ಲಲ್ಲಿ ಇಟ್ಕೊಂಡು ಕೂತೆ. ಬೈದ, ನಾನು ಕೊಡ್ಲಿಲ್ಲ" ಅಂದರು.

ನನಗೆ ಪಿತ್ತ ನೆತ್ತಿಗೇರಿತು. ಬೆಳ್ಳಿ ಕಾಗದ ಸುತ್ತಿದ ಫ್ಯೂಸು ಕರಗುವುದಿಲ್ಲ, ಅದರ ಬದಲು ಒಳಗಿನದೆಲ್ಲ ಕರಗುತ್ತದೆ. ಆ ಹುಡುಗನಿಗೆ ಮಂಗಳಾರತಿ ಎತ್ತಿದ ಮೇಲೆ ತಾಯಿಯ ಕಡೆ ತಿರುಗಿದೆ.

"ಅಮ್ಮಾ, ಚೀಟಿ ಕಿತ್ತಿದ್ದು ನಿಮ್ಮ ಕೈ, ಸುಳ್ಳು ಹೇಳಲ್ಲ. ಇದನ್ನ ಉಳಿಸಿದ್ದೂ ಅದೇ ಕೈ."

ಅವರು ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು.

ಹೊಸ ಬಿಲ್ಲೆ ಹಾಕಿ ಕೊಟ್ಟೆ. ಅಲ್ಲೇ ಚೇತನ್ ಒಂದು ತಂತಿ ಮೀಟಿದ. ಕಿಟಕಿಯ ಗಾಜು ಸಣ್ಣಗೆ ಅದುರಿತು. ಲಲಿತಮ್ಮನವರು ಕಣ್ಣು ಮುಚ್ಚಿಕೊಂಡು ಕೇಳಿದರು. ಹೊರಡುವಾಗ ನನಗೊಂದು ಮಾತು ಹೇಳಿದರು.

"ಬೆನ್ನಿಗೆ ಚೀಟಿ ಅಂಟಿಸಿದ್ರೆ ಯಾರು ನೋಡ್ತಾರೆ ಸಾರ್? ಕೈ ಹೋಗೋದು ಪ್ಲಗ್ಗಿಗೆ. ಅಲ್ಲಿಗೆ ಅರಿಶಿನದ ದಾರ ಕಟ್ಟಿಬಿಡಿ. ಅದನ್ನ ನಮ್ಮನೇಲಿ ನನ್ನ ಕೇಳ್ದೆ ಯಾರೂ ಬಿಚ್ಚಲ್ಲ."

ಎಚ್ಚರಿಕೆಯನ್ನು ಯಂತ್ರ ಬಲ್ಲವನು ನೋಡುವ ಜಾಗದಲ್ಲಲ್ಲ, ಬಳಸುವವನ ಕೈ ಹೋಗುವ ಜಾಗದಲ್ಲಿ ಇಡಬೇಕು. ಇಷ್ಟು ವರ್ಷದ ಸರ್ವಿಸಿನಲ್ಲಿ ನಾನು ಕಲಿತ ಬಹಳ ಉಪಯೋಗದ ಪಾಠ ಇದು. ಈಗ ನನ್ನಲ್ಲಿಂದ ಹೊರದೇಶಕ್ಕೆ ಹೋಗುವ ಪ್ರತಿ ಆಂಪಿನ ಇಲ್ಲಿನ ವೈರ್‌ಗೂ ಪ್ಲಗ್ಗಿನ ಮೂರು ಪಿನ್ನು ಸುತ್ತಿ ಅರಿಶಿನದ ದಾರ ಬೀಳುತ್ತದೆ. ಚೇತನ್ ಹೊರದೇಶಕ್ಕೆ ಹೋದಾಗ ಅವನ ವೈರು ಕೆಂಗೇರಿಯ ಮನೆಯಲ್ಲಿ ದೇವರ ಗೂಡಿನ ಪಕ್ಕ ಇರುತ್ತದೆ. ಬಂದವನು ಮೊದಲು ನನ್ನ ಹತ್ತಿರ ಬಂದು ಸ್ವಿಚ್ ಸರಿ ಮಾಡಿಸಿಕೊಳ್ಳುತ್ತಾನೆ. ನಾನು ಲಲಿತಮ್ಮನವರಿಗೆ ಫೋನ್ ಮಾಡಿ ಹೇಳಿದ ಮೇಲೆ ಅವರು ದಾರ ಬಿಚ್ಚುತ್ತಾರೆ.