ನಾನು ಬಿಟ್ಟ ಅನ್ನ

ಸಕ್ಕರೆ ಕಾಯಿಲೆ ಎಂದು ಗೊತ್ತಾದ ಮೇಲೆ ನಾನು ಬಾಯಿ ಕಟ್ಟಿದ ಸುದ್ದಿ ಗುಡಗೇರಿಯಲ್ಲಿ ಯಾರಿಗೆ ಗೊತ್ತಿಲ್ಲ? ನಾನೇ ಹೇಳಿಕೊಂಡು ತಿರುಗಿದ್ದೆ. ಅನ್ನ ಬಿಟ್ಟೆ, ಚಹಾ ಬಿಟ್ಟೆ, ಹೋಳಿಗೆಯನ್ನು ಮೂಸಿಯೂ ನೋಡಲಿಲ್ಲ. ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿ ಮೆಂತ್ಯೆ ಸೊಪ್ಪು, ಅಷ್ಟೇ. ಸಂತೆಯಲ್ಲಿ ಭಜಿ ತಿನ್ನುವವರನ್ನು ನಿಲ್ಲಿಸಿ ಬುದ್ಧಿ ಹೇಳುವಷ್ಟು ಸೊಕ್ಕು ಬಂದಿತ್ತು.

ಎಂಟು ತಿಂಗಳ ನಂತರ ಹೆಂಡತಿಯನ್ನೂ ಕರೆದುಕೊಂಡು ಕುಂದಗೋಳದ ದವಾಖಾನೆಗೆ ಹೋದೆ. ರಕ್ತ ನೋಡಿದ ಡಾಕ್ಟರು ನನ್ನನ್ನು ಹೊಗಳಿದರು. ನಾನು ಉಬ್ಬಿಹೋದೆ. "ಈಕಿದೂ ಒಮ್ಮೆ ನೋಡಿಬಿಡ್ರಿ. ಜ್ವರಾ ಅಂತ ಒಂದ ದಿನಾ ಮಲಗಿದಾಕಿ ಅಲ್ಲ," ಎಂದೆ, ಚೇಷ್ಟೆಗೆ.

ಡಾಕ್ಟರು ಆಕೆಯ ಬೆರಳು ಚುಚ್ಚಿದರು. ಅವರ ಮುಖ ಸಣ್ಣದಾಯಿತು. "ಯಜಮಾನ್ರ, ನಿಮಗ ಮೊದಲು ಇತ್ತಲ್ಲ, ಅದಕ್ಕಿಂತ ಜಾಸ್ತಿ ಐತಿ."

ಹೆದರಿದಾಗ ನನಗೆ ಸಿಟ್ಟೇ ಮೊದಲು ಬರುವುದು. "ನಿಮ್ಮ ಮಶಿನ್ ಕೆಟ್ಟೈತ್ರಿ!" ಎಂದು ಒದರಿದೆ. ಪಾಪ, ಅವರು ಇನ್ನೊಂದು ಬೆರಳು ಚುಚ್ಚಿದರು. ಅದೇ ಬಂತು.

"ಹಿಂದ ಎಂದರ ತಪಾಸಣಿ ಮಾಡಿಸೀರೇನ್ರಿ?"

ಆಕೆ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

"ದಿನಾ ಏನ್ ಉಣ್ತೀರಿ?"

"ಇವರು ಅನ್ನ ಬಿಟ್ಟಾರ್ರೀ. ಆದ್ರ ಯಾರರ ಬಂದ್ರ ಅನ್ನ ಇಲ್ಲ ಅನ್ನಬಾರ್ದಂತ ಮೊದಲಿನಷ್ಟ ಇಡ್ತೀನಿ. ಚೆಲ್ಲಾಕ ಮನಸು ಬರೂದಿಲ್ರಿ, ನಾನ ಉಣ್ತೀನಿ. ಮಂದಿ ಮನ್ಯಾಗ ಇವರು ಚಹಾ ಒಲ್ಲೆ ಅಂತಾರ. ಅವರಿಗೆ ಬ್ಯಾಸರ ಆಗಬಾರ್ದಂತ ಇವರ ಕಪ್ಪೂ ನಾನ ಕುಡೀತೀನ್ರಿ. ಬಾಜು ಮನಿ ಹೋಳಿಗಿನೂ ಹಂಗ." ಏನೋ ಒಳ್ಳೆಯ ಕೆಲಸ ಮಾಡಿದವಳ ಹಾಗೆ ಹೇಳಿದಳು.

ಅಯ್ಯೋ ಶಿವನೇ! ನಾನು ಬಿಟ್ಟದ್ದೆಲ್ಲ ಎಲ್ಲಿಗೆ ಹೋಯಿತು ಎಂದು ಎಂಟು ತಿಂಗಳಲ್ಲಿ ಒಂದು ದಿನವಾದರೂ ಕೇಳಿದ್ದೆನೇ? "ಕಾಯಿಲಿ ಹಳೇದ ಇರಬೇಕು. ಈಗ ಭಾಳ ಏರೈತಿ. ಕಣ್ಣು, ಕಿಡ್ನಿ ಎಲ್ಲಾ ನೋಡಬೇಕು," ಎಂದರು ಡಾಕ್ಟರು.

ಮನೆಗೆ ಬಂದವಳೇ ರೊಟ್ಟಿ ಬಡಿದು ನನಗೊಂದು ತಾಟು ಹಾಕಿದಳು. ನಾನು ಎದ್ದು ಇನ್ನೊಂದು ತಾಟು ತಂದಿಟ್ಟೆ.

"ಕುಂಡರು. ನಿನಗ ಎಷ್ಟ ರೊಟ್ಟಿ ಬೇಕು?"

ಆಕೆ ತಬ್ಬಿಬ್ಬಾಗಿ ರೊಟ್ಟಿ ಬುಟ್ಟಿಯನ್ನೇ ನೋಡುತ್ತ ನಿಂತಳು.

"ಗೊತ್ತಿಲ್ರಿ. ಲಗ್ನ ಆಗಿ ಇಪ್ಪತ್ತೆರಡು ವರ್ಷ ಆತು, ಉಳಿದಷ್ಟ ಉಂಡೀನಿ."